ಉಳಿದವರ ಪುಣ್ಯ

ಧ್ರುವನ ಕಥೆ ನಮಗೆಲ್ಲ ಗೊತ್ತು. ಅಪ್ಪನ ತೊಡೆಯೇರಲು ಮಲತಾಯಿ ಬಿಡಲಿಲ್ಲ. ಹುಡುಗ ಕಾಡಿಗೆ ಹೋಗಿ ತಪಸ್ಸು ಮಾಡಿದ, ಯಾರೂ ಇಳಿಸಲಾಗದ ಜಾಗ ಪಡೆದ. ಪಡೆದದ್ದಕ್ಕೆಲ್ಲ ಹಿಂದೆ ಒಂದು ಅರ್ಹತೆ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಇಂಥ ಕಥೆಗಳಿಂದಲೇ.

ಧ್ರುವ ನಕ್ಷತ್ರವಿರುವ ಲಘು ಸಪ್ತರ್ಷಿ ಮಂಡಲದಲ್ಲೇ ಬರಿಗಣ್ಣಿಗೆ ಕಾಣದ ಒಂದು ದೈತ್ಯ ನಕ್ಷತ್ರವಿದೆ. ದೂರ ಸುಮಾರು 530 ಜ್ಯೋತಿರ್ವರ್ಷ. ಅದನ್ನು 93 ದಿನಕ್ಕೊಮ್ಮೆ ಸುತ್ತುವ ಗ್ರಹವನ್ನು 2015ರಲ್ಲಿ ಕೊರಿಯಾದ ಖಗೋಳಜ್ಞರು ಪತ್ತೆ ಮಾಡಿದರು. ಮುಂದೆ ಎರಡಕ್ಕೂ ಕೊರಿಯಾದ ಪರ್ವತಗಳ ಹೆಸರು ಬಂತು: ನಕ್ಷತ್ರ ಬೇಕ್ಡು, ಗ್ರಹ ಹಲ್ಲಾ.

2023ರಲ್ಲಿ ಒಂದು ಒಗಟು ಎದುರಾಯಿತು. ನಕ್ಷತ್ರದ ಕಂಪನಗಳನ್ನು ಅಳೆದಾಗ ಅದರ ಒಡಲಲ್ಲಿ ಹೀಲಿಯಂ ಉರಿಯುತ್ತಿರುವುದು ತಿಳಿಯಿತು. ಆ ಹಂತಕ್ಕೆ ಬರುವ ಮೊದಲು ನಕ್ಷತ್ರ ಹಲ್ಲಾದ ಕಕ್ಷೆಯನ್ನೂ ದಾಟಿ ಉಬ್ಬಿರಬೇಕು, ಗ್ರಹವನ್ನು ನುಂಗಿರಬೇಕು. ಗ್ರಹ ಮಾತ್ರ ಅಲ್ಲೇ ಇದೆ. ಬೇಕ್ಡು ಹಿಂದೆ ಜೋಡಿ ನಕ್ಷತ್ರವಾಗಿದ್ದು, ಎರಡೂ ಕೂಡಿಕೊಂಡದ್ದರಿಂದ ಅಷ್ಟು ಉಬ್ಬಲೇ ಇಲ್ಲ ಎನ್ನುವುದು ಒಂದು ಊಹೆ. ಆ ಕೂಡುವಿಕೆಯಲ್ಲಿ ಚೆಲ್ಲಿದ ದ್ರವ್ಯದಿಂದಲೇ ಗ್ರಹ ಹುಟ್ಟಿತು ಎನ್ನುವುದು ಇನ್ನೊಂದು. ಯಾವುದು ನಿಜವಾದರೂ ಹಲ್ಲಾ ತಾನಾಗಿ ಮಾಡಿದ್ದು ಏನೂ ಇಲ್ಲ.

ಇದನ್ನು ಓದುವಾಗ ನನಗೆ 2021ರ ಮೇ ತಿಂಗಳು ನೆನಪಾಯಿತು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದವರಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಕಾಯಿಲೆ. ಮೂರನೆಯ ರಾತ್ರಿ ಅವರು ಹೋದರು. ನಾನು ಮನೆಗೆ ಬಂದೆ. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ನಿಮ್ಮ ಪುಣ್ಯ ದೊಡ್ಡದು ಬಿಡಿ." ಪ್ರೀತಿಯಿಂದಲೇ ಹೇಳಿದರು. ಆದರೆ ನನಗೆ ಪುಣ್ಯವಿತ್ತು ಎಂದರೆ ಅವರಿಗೆ ಇರಲಿಲ್ಲ ಎಂದಂತಾಗಲಿಲ್ಲವೇ? ಅವರ ಹೆಂಡತಿಯ ಎದುರು ಈ ಮಾತನ್ನು ಯಾರಾದರೂ ಆಡಬಲ್ಲರೇ?

ಪುಣ್ಯ ಎನ್ನದಿದ್ದರೆ ಕೃತಜ್ಞತೆಗೆ ಜಾಗವೆಲ್ಲಿ ಎಂದು ಅಮ್ಮ ಕೇಳಿದರು. ನನಗನಿಸುವುದು ಬೇರೆ. ಅರ್ಹತೆಯಿಂದ ಸಿಕ್ಕಿದ್ದು ಕೂಲಿಯಾಗುತ್ತದೆ; ಕೂಲಿ ಪಡೆದವನಿಗೆ ಯಾರ ಋಣವೂ ಇಲ್ಲ. ಸುಮ್ಮನೆ ಸಿಕ್ಕಿದ್ದಕ್ಕೆ ಮಾತ್ರ ಋಣವಿರುತ್ತದೆ.

ಇನ್ನೊಂದು ಕಷ್ಟವಿದೆ. ಹಲ್ಲಾ ಉಳಿದದ್ದು ಏಕೆ ಎಂದು ಖಗೋಳಜ್ಞರು ಕೇಳುವಾಗ ಏನು ನಡೆಯಿತು ಎಂದು ಹುಡುಕುತ್ತಾರೆ. ನಾವು ಅದೇ "ಏಕೆ"ಗೆ ಪುಣ್ಯ ಎಂದು ಉತ್ತರ ಕೊಟ್ಟು ಹುಡುಕುವುದನ್ನೇ ನಿಲ್ಲಿಸುತ್ತೇವೆ. ಆ ರಾತ್ರಿ ಆ ವಾರ್ಡಿನಲ್ಲಿ ಆಮ್ಲಜನಕದ ಸಿಲಿಂಡರ್ ಬದಲಿಸಲು ಎಷ್ಟು ಹೊತ್ತಾಯಿತು ಎಂದು ನಾನೂ ಯಾರನ್ನೂ ಕೇಳಲಿಲ್ಲ. ಉಳಿದವನು ನಾನು. ಕೇಳಬೇಕಾಗಿದ್ದವನೂ ನಾನೇ.