ಟ್ಯಾಂಟಲಮ್: ಕೊಳ್ಳುವವರ ಪಾಲಿನ ಹಿಂಸೆ

ಟ್ಯಾಂಟಲಮ್ ಭಾರವಾದ, ಗಡುಸಾದ ಅಪರೂಪದ ಲೋಹ. ಇದರ ಪರಮಾಣು ಸಂಖ್ಯೆ 73. ಸ್ವೀಡನ್ನಿನ ರಸಾಯನವಿಜ್ಞಾನಿ ಆಂಡರ್ಸ್ ಗುಸ್ತಾಫ್ ಎಕೆಬರ್ಗ್ 1802ರಲ್ಲಿ ಇದನ್ನು ಗುರುತಿಸಿದರು. ಸುಮಾರು 3,000 ಡಿಗ್ರಿ ಸೆಲ್ಸಿಯಸ್‌ವರೆಗೂ ಇದು ಕರಗುವುದಿಲ್ಲ; ಬಹುತೇಕ ಆಮ್ಲಗಳಿಗೂ ಜಗ್ಗುವುದಿಲ್ಲ. ಇದರ ಮೈಮೇಲೆ ಮೂಡುವ ತೆಳು ಆಕ್ಸೈಡ್ ಪದರ ವಿದ್ಯುತ್ತನ್ನು ತಡೆಯುವುದರಿಂದ, ಪುಟ್ಟ ಗಾತ್ರದಲ್ಲಿ ಹೆಚ್ಚು ವಿದ್ಯುದಾವೇಶ ಹಿಡಿದಿಡುವ ಕೆಪಾಸಿಟರ್‌ಗಳನ್ನು ಮಾಡಬಹುದು. ಮೊಬೈಲು, ಲ್ಯಾಪ್‌ಟಾಪು, ಕಾರುಗಳಲ್ಲಿ ಇವು ಬಳಕೆಯಾಗುತ್ತವೆ. ಜೆಟ್ ಎಂಜಿನ್ನಿನ ಮಿಶ್ರಲೋಹಕ್ಕೂ ರಾಸಾಯನಿಕ ಕಾರ್ಖಾನೆಗಳ ಉಪಕರಣಗಳಿಗೂ ಟ್ಯಾಂಟಲಮ್ ಬೇಕು. ದೇಹ ಇದನ್ನು ಸಹಿಸಿಕೊಳ್ಳುವುದರಿಂದ ಮೂಳೆಯ ಶಸ್ತ್ರಚಿಕಿತ್ಸೆಯಲ್ಲೂ ಇದಕ್ಕೆ ಸ್ಥಾನವಿದೆ.

ಪೆಗ್ಮಟೈಟ್ ಶಿಲೆಗಳಲ್ಲಿ ಇದು ನಿಯೋಬಿಯಂ ಜೊತೆ ಬೆರೆತಿರುತ್ತದೆ. ಆ ಅದಿರನ್ನು ಮಧ್ಯ ಆಫ್ರಿಕಾದಲ್ಲಿ ಕೋಲ್ಟನ್ ಎನ್ನುತ್ತಾರೆ. ಬ್ರೆಜಿಲ್, ನೈಜೀರಿಯಾ, ಆಸ್ಟ್ರೇಲಿಯಾಗಳಲ್ಲೂ ಅದಿರು ಸಿಗುತ್ತದೆ. ಆದರೆ ಹೆಚ್ಚಿನ ಪಾಲು ಬರುವುದು ಕಾಂಗೋ ಮತ್ತು ರುವಾಂಡಗಳಿಂದ. ಕಾಂಗೋದ ಕಿವು ಪ್ರಾಂತ್ಯಗಳಲ್ಲಿ ಜನ ಗುದ್ದಲಿ, ಸಲಿಕೆ ಹಿಡಿದು ಗುಡ್ಡ ಅಗೆಯುತ್ತಾರೆ. ಮಣ್ಣನ್ನು ಹರಿಯುವ ನೀರಿನಲ್ಲಿ ತೊಳೆದಾಗ ಭಾರವಾದ ಅದಿರು ತಳಕ್ಕೆ ಇಳಿಯುತ್ತದೆ. ಆಸರೆಯಿಲ್ಲದ ಗುಂಡಿಗಳು ಕುಸಿದು ಸಾವುಗಳಾಗುತ್ತವೆ. ಗಣಿಗಳ ಮೇಲೆ ಹಿಡಿತ ಸಾಧಿಸಿದ ಸಶಸ್ತ್ರ ಗುಂಪುಗಳು ಸುಂಕ ವಸೂಲಿ ಮಾಡಿ ಯುದ್ಧ ನಡೆಸುತ್ತವೆ. ವಿಶ್ವಸಂಸ್ಥೆಯ ತಜ್ಞರ ಸಮಿತಿ 2001ರಲ್ಲೇ ಇದನ್ನು ವರದಿ ಮಾಡಿತ್ತು. ಹಲವು ವ್ಯಾಪಾರಿಗಳ ಕೈದಾಟಿದ ಅದಿರನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿ ಶುದ್ಧಗೊಳಿಸಿದ ಮೇಲೆ, ಅದು ಯಾವ ಗಣಿಯದೆಂದು ಲೋಹ ನೋಡಿ ಹೇಳಲಾಗದು.

ಇಲ್ಲಿ ಧರ್ಮದ ಪ್ರಶ್ನೆಯೊಂದು ಏಳುತ್ತದೆ. ಗಣಿಯನ್ನು ಕಾಣದ, ಯಾರಿಗೂ ಕೇಡು ಬಯಸದ ಗ್ರಾಹಕರಿಗೆ ಆ ಹಿಂಸೆಯಲ್ಲಿ ಪಾಲಿದೆಯೇ?

ಜೈನ ದರ್ಶನ ಹಿಂಸೆಯನ್ನು ಕೃತ, ಕಾರಿತ, ಅನುಮತ ಎಂದು ವಿಂಗಡಿಸುತ್ತದೆ: ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲೂ ಪತಂಜಲಿಯ ಯೋಗಸೂತ್ರದ ಸಾಧನಪಾದದಲ್ಲೂ ಈ ವಿಭಾಗ ಬರುತ್ತದೆ. ಕೊಳ್ಳುವವರ ಬೇಡಿಕೆಯೇ ಗಣಿಯನ್ನು ನಡೆಸುವುದರಿಂದ, ಈ ದೃಷ್ಟಿಯಲ್ಲಿ ದೂರ ಯಾರನ್ನೂ ಪೂರ್ತಿ ಬಿಡುಗಡೆ ಮಾಡುವುದಿಲ್ಲ.

ಬೌದ್ಧ ಚಿಂತನೆ ಚೇತನೆಗೆ, ಅಂದರೆ ಸಂಕಲ್ಪಕ್ಕೆ, ಹೆಚ್ಚಿನ ತೂಕ ಕೊಡುತ್ತದೆ. ಮಜ್ಝಿಮ ನಿಕಾಯದ ಜೀವಕ ಸುತ್ತದ ಪ್ರಕಾರ, ತನಗಾಗಿ ಪ್ರಾಣಿವಧೆ ನಡೆದದ್ದನ್ನು ಕಂಡಿದ್ದರೆ, ಕೇಳಿದ್ದರೆ ಅಥವಾ ಶಂಕಿಸಿದ್ದರೆ ಭಿಕ್ಷು ಆ ಮಾಂಸವನ್ನು ಸ್ವೀಕರಿಸಬಾರದು. ಈ ಮೂರರಲ್ಲಿ ಶಂಕೆಯೇ ಇಲ್ಲಿ ಮುಖ್ಯ. ಆ ಅಳತೆಯನ್ನು ಕೋಲ್ಟನ್‌ಗೆ ಹಿಡಿದರೆ, ಸುದ್ದಿ ಜಗತ್ತಿಗೆಲ್ಲ ತಿಳಿದ ಮೇಲೆ ಅಜ್ಞಾನವನ್ನು ನೆಪ ಮಾಡುವಂತಿಲ್ಲ. ಹೀಗೆ ಬೇರೆಬೇರೆ ಕಡೆಯಿಂದ ಹೊರಟ ಎರಡು ದರ್ಶನಗಳೂ ವಿಚಾರಿಸುವ ಹೊಣೆಗೇ ಬಂದು ಮುಟ್ಟುತ್ತವೆ.

ಕಾನೂನು ಕೂಡ ಇದೇ ಹೊಣೆಯನ್ನು ಹೊರಿಸಿದೆ. ಅಮೆರಿಕದ 2010ರ ಡಾಡ್-ಫ್ರಾಂಕ್ ಕಾಯಿದೆ ಅಲ್ಲಿನ ಷೇರುಪೇಟೆಯ ಕಂಪನಿಗಳಿಗೆ ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನಗಳ ಮೂಲ ಶೋಧಿಸಿ ತಿಳಿಸಲು ಹೇಳಿತು. ಐರೋಪ್ಯ ಒಕ್ಕೂಟದ ಇಂಥದೇ ನಿಯಮ 2021ರಲ್ಲಿ ಜಾರಿಗೆ ಬಂತು.

ಕೊಳ್ಳುವುದನ್ನೇ ಬಿಟ್ಟರೆ ಪಾಪ ತೀರುವುದೇ? 2010ರ ಸೆಪ್ಟೆಂಬರ್‌ನಿಂದ ಸುಮಾರು ಆರು ತಿಂಗಳು ಕಾಂಗೋ ಸರ್ಕಾರ ಪೂರ್ವದ ಮೂರು ಪ್ರಾಂತ್ಯಗಳಲ್ಲಿ ಗಣಿಗಾರಿಕೆ ನಿಷೇಧಿಸಿದಾಗ, ಅಗೆಯುವ ಕೂಲಿಯನ್ನೇ ನಂಬಿದ್ದ ಕುಟುಂಬಗಳ ಅನ್ನಕ್ಕೆ ಕಲ್ಲು ಬಿತ್ತು. ತನ್ನ ಕೈ ಶುದ್ಧವಾಗಿರಲೆಂದು ಹಿಂದೆ ಸರಿಯುವುದು ಮತ್ತೊಬ್ಬರ ಹಸಿವಿಗೆ ಕಾರಣವಾದರೆ ಅದು ಅಹಿಂಸೆಯಾಗದು. ಲೋಹದ ಮೂಲವನ್ನು ಕೇಳುವುದು, ಸುರಕ್ಷಿತ ಗಣಿಯ ಅದಿರಿಗೆ ನ್ಯಾಯವಾದ ಬೆಲೆ ಕೊಡುವುದು, ಇರುವ ಉಪಕರಣವನ್ನು ದುರಸ್ತಿ ಮಾಡಿಸಿ ಹೆಚ್ಚು ಕಾಲ ಬಳಸುವುದು, ಇವು ಗ್ರಾಹಕರು ಮತ್ತು ಕಂಪನಿಗಳು ಪಾಲಿಸಬೇಕಾದ ಅಹಿಂಸೆ.