ಅತಿಥಿಯ ಆಟವೂ ಮನೆಯವರ ರುಚಿಯೂ

ಹೊರದೇಶದ ಒಬ್ಬ ಅಸಾಮಾನ್ಯ ಆಟಗಾರನು ಬಂದು ಆಡಿದ ಮಾತ್ರಕ್ಕೆ ಅಮೆರಿಕಾದ ಜನರಿಗೆ ಕಾಲ್ಚೆಂಡಾಟದಲ್ಲಿ ಪ್ರೀತಿ ಹುಟ್ಟೀತೆ? ಈ ಪ್ರಶ್ನೆಯನ್ನು ನಮ್ಮ ಸಂಘದ ಪತ್ರಿಕೆಯಲ್ಲಿ ಎತ್ತುವುದು ಕೆಲವರು ವಾಚಕ ಮಹಾಶಯರಿಗೆ ವಿಚಿತ್ರವಾಗಿ ತೋರಬಹುದು. ಮಕ್ಕಳಿಗೆ ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿಸುತ್ತ ಆಯುಷ್ಯ ಕಳೆದವನಿಗೆ ಚೆಂಡಿನ ಗೊಡವೆ ಏಕೆಂದು ಮಿತ್ರರೊಬ್ಬರು ಕೇಳಿಯೂ ಕೇಳಿದರು. ಆದರೆ ಪ್ರಶ್ನೆಯ ವೇಷವು ಪರದೇಶದ್ದಾದರೂ ಅದರ ತಿರುಳು ಹಳೆಯದು. ಒಬ್ಬ ಶ್ರೇಷ್ಠನ ದರ್ಶನದಿಂದ ಒಂದು ಜನಾಂಗದ ರುಚಿ ಬದಲಾಗುವುದುಂಟೆ ಎಂಬುದೇ ಆ ತಿರುಳು.

2023ನೆಯ ಇಸವಿಯ ಬೇಸಗೆಯಲ್ಲಿ ನಾನು ನ್ಯೂಜರ್ಸಿಯಲ್ಲಿರುವ ಮಗನ ಮನೆಯಲ್ಲಿದ್ದೆನು. ಜುಲೈ 21ನೆಯ ತಾರೀಖಿನ ರಾತ್ರಿ ಅರ್ಜೆಂಟೀನದ ಲಿಯೊನೆಲ್ ಮೆಸ್ಸಿಯು ಮಯಾಮಿ ನಗರದ ತಂಡದ ಪರವಾಗಿ ಮೊದಲನೆಯ ಸಲ ಆಡಿದನು. ಎದುರಿಗಿದ್ದದ್ದು ಮೆಕ್ಸಿಕೊ ದೇಶದ ಕ್ರೂಸ್ ಅಸುಲ್ ತಂಡ. ಇನ್ನೇನು ಆಟವು ಸಮಸಮವಾಗಿ ಮುಗಿಯಿತೆನ್ನುವ ಕಡೆಯ ಗಳಿಗೆಯಲ್ಲಿ ಅವನು ನಿಂತ ಚೆಂಡನ್ನು ಒದ್ದು ಗೋಲಿನ ಮೇಲ್ಮೂಲೆಗೆ ಸೇರಿಸಿಬಿಟ್ಟನು. ನನ್ನ ಮೊಮ್ಮಗನು ಸೋಫಾದಿಂದ ಜಿಗಿದು, “ತಾತ, ಇನ್ನುಮೇಲೆ ಇಲ್ಲಿ ಎಲ್ಲರೂ ಇದನ್ನೇ ನೋಡುತ್ತಾರೆ” ಎಂದನು. ಅವನ ತಂದೆಯು ನಕ್ಕು, “ಪೆಲೆ ಬಂದಾಗಲೂ ಹೀಗೆಯೇ ಹೇಳಿದ್ದರಂತೆ, ಅಣ್ಣ” ಎಂದನು. ಈ ಎರಡು ಮಾತುಗಳೂ ನನ್ನ ತಲೆಯಲ್ಲಿ ಪೂರ್ವಪಕ್ಷ ಸಿದ್ಧಾಂತಗಳಂತೆ ಉಳಿದುಕೊಂಡವು.

ಪೆಲೆಯ ವೃತ್ತಾಂತವು ನಿಜವಾಗಿಯೂ ವಿಚಾರಾರ್ಹವಾದುದು. ಮೂರು ಸಲ ವಿಶ್ವಕಪ್ ಗೆದ್ದ ಬ್ರೆಜಿಲ್ ದೇಶದ ಆ ವೀರನು 1975ರಲ್ಲಿ, ತನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಕಾಸ್ಮಾಸ್ ತಂಡವನ್ನು ಸೇರಿದನು. ಆ ತಂಡಕ್ಕೆ ಒಡೆಯರಾಗಿದ್ದವರು ಚಲನಚಿತ್ರಗಳನ್ನು ತಯಾರಿಸುವ ವಾರ್ನರ್ ಸಂಸ್ಥೆಯವರು. ಪ್ರೇಕ್ಷಕರನ್ನು ಸೆಳೆಯುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇಟಲಿಯಿಂದ ಕಿನಾಲಿಯಾ ಬಂದನು, ಜರ್ಮನಿಯಿಂದ ಬೆಕನ್‌ಬಾವರ್ ಬಂದನು. 1977ರ ಆಗಸ್ಟಿನಲ್ಲಿ ಒಂದೇ ಪಂದ್ಯಕ್ಕೆ 77,691 ಜನರು ಸೇರಿದರು. ಅದೇ ವರ್ಷದ ಅಕ್ಟೋಬರ್ 1ರಂದು ಪೆಲೆಯು ಅರ್ಧ ಹೊತ್ತು ಕಾಸ್ಮಾಸಿಗೂ ಅರ್ಧ ಹೊತ್ತು ತನ್ನ ಹಳೆಯ ಸ್ಯಾಂಟೊಸ್ ತಂಡಕ್ಕೂ ಆಡಿ ನಿವೃತ್ತನಾದನು. ಮರುವರ್ಷವೇ ಆ ಒಕ್ಕೂಟದ ತಂಡಗಳ ಸಂಖ್ಯೆಯು 24ಕ್ಕೆ ಏರಿತು. 1984ರಲ್ಲಿ ಉಳಿದದ್ದು ಒಂಬತ್ತು. ಅದೇ ಅದರ ಕಡೆಯ ವರ್ಷ.

ಇಷ್ಟು ದೊಡ್ಡ ದೀಪವು ಹತ್ತಿದ ಮನೆಯು ಏಳೇ ವರ್ಷಗಳಲ್ಲಿ ಕತ್ತಲಾದುದೇಕೆ? ಹಣವನ್ನು ಮಿತಿಮೀರಿ ಚೆಲ್ಲಿದರೆಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅದರ ಕೆಳಗೆ ಬೇರೊಂದು ಕಾರಣವಿದೆಯೆಂದು ನನಗೆ ತೋರುತ್ತದೆ. ಗಡಿಗೆಗೆ ಮಣ್ಣು ಉಪಾದಾನಕಾರಣವೆಂದೂ ಕುಂಬಾರನು ನಿಮಿತ್ತಕಾರಣವೆಂದೂ ಪಾಠಶಾಲೆಯ ಮೊದಲ ದಿನಗಳಲ್ಲಿ ನಮಗೆ ಹೇಳಿಕೊಡುತ್ತಿದ್ದರು. ಕುಂಬಾರನು ಎಷ್ಟೇ ನಿಪುಣನಾಗಿರಲಿ, ಮಣ್ಣಿಲ್ಲದೆ ಬರಿಯ ತಿಗರಿಯನ್ನು ತಿರುಗಿಸಿದರೆ ಗಾಳಿಯಲ್ಲದೆ ಬೇರೇನೂ ಹುಟ್ಟುವುದಿಲ್ಲ. ಅಂದು ಕಣದಲ್ಲಿದ್ದವರಲ್ಲಿ ಬಹುಮಂದಿ ಪರದೇಶೀಯರು. ಸುತ್ತ ಕುಳಿತವರಲ್ಲಿ ಬಾಲ್ಯದಲ್ಲಿ ಈ ಚೆಂಡನ್ನು ಒದ್ದು ಮೊಣಕಾಲು ತರಚಿಕೊಂಡವರು ಅಲ್ಪಸಂಖ್ಯಾತರು. ಅವರ ಬಾಲ್ಯವನ್ನು ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಮತ್ತು ಕೈಯಲ್ಲಿ ಹಿಡಿದು ಓಡುವ ಆಟವೊಂದು ಹಂಚಿಕೊಂಡಿದ್ದವು. ಆ ಕೈಯಾಟಕ್ಕೆ ಅವರು ಫುಟ್‌ಬಾಲ್ ಎಂದೇ ಹೆಸರಿಟ್ಟಿರುವುದು ವೈಯಾಕರಣರು ಕ್ಷಮಿಸತಕ್ಕ ವಿಷಯವಲ್ಲ.

ರಸಾಸ್ವಾದಕ್ಕೆ ನಟನ ಕೌಶಲವೊಂದೇ ಸಾಲದು, ಪ್ರೇಕ್ಷಕನ ಚಿತ್ತದಲ್ಲಿ ವಾಸನೆಯೂ ಇರಬೇಕೆಂದು ಆಲಂಕಾರಿಕರು ಹೇಳಿದ್ದಾರೆ. ವಾಸನೆಯಿಲ್ಲದವನಿಗೂ ವಿಸ್ಮಯವು ಆಗಬಹುದು. ಆದರೆ ವಿಸ್ಮಯವೇ ರುಚಿಯಲ್ಲ. ಡೊಂಬರಾಟವನ್ನು ಬೆರಗಿನಿಂದ ನೋಡಿದವರೆಲ್ಲರೂ ಹಗ್ಗದ ಮೇಲೆ ನಡೆಯುವ ವಿದ್ಯೆಯ ರಸಿಕರೇನಲ್ಲ. ಒಂದೂ ಗೋಲಿಲ್ಲದೆ ಮುಗಿದ ಪಂದ್ಯವನ್ನು ನೋಡಿ ತೃಪ್ತನಾಗಿ ಏಳುವವನೇ ಈ ಆಟದ ಸಹೃದಯನೆಂದು ನಾನು ತಿಳಿದಿದ್ದೇನೆ. ಆ ಜುಲೈ ರಾತ್ರಿ ನನ್ನ ಕಣ್ಣು ಮೆಸ್ಸಿಯನ್ನು ಬಿಟ್ಟು ಕದಲಲಿಲ್ಲ. ಮೊಮ್ಮಗನಾದರೋ ನಡುನಡುವೆ, “ಅವನನ್ನಲ್ಲ ತಾತ, ಹಿಂದೆ ಓಡುತ್ತಿರುವವನನ್ನು ನೋಡು, ಅವನು ಓಡದಿದ್ದರೆ ಈ ಜಾಗ ಸಿಗುತ್ತಲೇ ಇರಲಿಲ್ಲ” ಎನ್ನುತ್ತಿದ್ದನು. ಅವನು ಶನಿವಾರಗಳಲ್ಲಿ ಹಿಂಬದಿಯ ಸ್ಥಾನದಲ್ಲಿ ಆಡುವ ಹುಡುಗ. ಹತ್ತು ವರ್ಷದವನಿಗೆ ಕಂಡದ್ದು ಅರವತ್ತು ದಾಟಿದ ನನಗೆ ಕಾಣಲಿಲ್ಲ. ಆ ಕಣ್ಣನ್ನು ಅವನಿಗೆ ಕೊಟ್ಟದ್ದು ಮೆಸ್ಸಿಯಲ್ಲ, ಆ ಶನಿವಾರಗಳು.

ಪೆಲೆಯು ಬಿತ್ತಿದ ಬೀಜವು ತಡವಾಗಿ ಮೊಳೆತಿತೆಂದು ಕೆಲವರು ವಾದಿಸುತ್ತಾರೆ. 1950ರಲ್ಲಿ ಬೆಲೊ ಹೊರಿಜಾಂಟೆಯಲ್ಲಿ ಇಂಗ್ಲೆಂಡನ್ನೇ ಒಂದು ಗೋಲಿನಿಂದ ಸೋಲಿಸಿದ ಅಮೆರಿಕಾ, ಆಮೇಲೆ ನಾಲ್ವತ್ತು ವರ್ಷ ವಿಶ್ವಕಪ್ಪಿನ ಬಾಗಿಲನ್ನೇ ಕಾಣದೆ 1990ರಲ್ಲಿ ಮತ್ತೆ ಒಳಗೆ ಬಂದಿತು. ಹಾಗೆ ಬಂದವರು ಪೆಲೆಯ ಕಾಲದಲ್ಲಿ ಬಾಲಕರಾಗಿದ್ದವರು. ಸಿಯಾಟಲ್ ಮತ್ತು ಪೋರ್ಟ್‌ಲೆಂಡ್ ನಗರಗಳ ತಂಡಗಳು ಆ ಕಾಲದ ಹೆಸರುಗಳನ್ನೇ ಇಟ್ಟುಕೊಂಡು ಇಂದಿಗೂ ಆಡುತ್ತಿವೆ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕ್ಯಾಲಿಫೋರ್ನಿಯದಲ್ಲಿ ಮಕ್ಕಳಿಗಾಗಿ ಕಾಲ್ಚೆಂಡಿನ ಸಂಘವೊಂದು ಏರ್ಪಟ್ಟದ್ದು 1964ರಲ್ಲಿ. ಅದಾಗಿ ಹನ್ನೊಂದು ವರ್ಷಗಳ ಮೇಲೆ ಪೆಲೆ ಬಂದದ್ದು. ಅದಕ್ಕೆ ಗೆರೆ ಎಳೆದು ಸುಣ್ಣ ಹಾಕಿ ನಿಂತವರ ಹೆಸರು ಯಾರಿಗೂ ತಿಳಿಯದು.

ಇದಕ್ಕಿಂತ ಬಲವಾದ ನಿದರ್ಶನವು ಸ್ತ್ರೀಯರದು. ವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಸಮಾನಾವಕಾಶವಿರಬೇಕೆಂಬ ಶಾಸನವು ಅಲ್ಲಿ 1972ರಲ್ಲಿ ಆಯಿತು. ಅದರಿಂದ ಆಟದ ಬಯಲುಗಳೂ ಅವರಿಗೆ ತೆರೆದವು. ಯಾವ ಪರದೇಶದ ತಾರೆಯೂ ಬಂದು ಅವರನ್ನು ಎಬ್ಬಿಸಲಿಲ್ಲ. 1991ರಲ್ಲಿ ಅವರು ಸ್ತ್ರೀಯರ ಮೊದಲನೆಯ ವಿಶ್ವಕಪ್ಪನ್ನು ಗೆದ್ದರು. 1999ರಲ್ಲಿ ಪಾಸಡೀನದ ಬಯಲಿನಲ್ಲಿ ಚೀನಾ ದೇಶದವರೊಡನೆ ನಡೆದ ಅಂತಿಮ ಪಂದ್ಯಕ್ಕೆ 90,185 ಮಂದಿ ಕೂಡಿದ್ದರು. ಅಂದರೆ ಪೆಲೆಯ ತಂಡಕ್ಕೆ ಅಂದು ಕೂಡಿದವರಿಗಿಂತಲೂ ಹೆಚ್ಚು. ಇಲ್ಲಿ ಮೊದಲು ಆಡಿದವರು ಸಾವಿರಾರು ಮಂದಿ; ತಾರೆಗಳು ಅವರೊಳಗಿಂದಲೇ ಹುಟ್ಟಿದರು. ಪುರುಷರ ವಿಷಯದಲ್ಲಿ ಕ್ರಮವನ್ನು ತಿರುವುಮುರುವು ಮಾಡಲು ಹೊರಟರು.

ಹಾಗೆಂದು ಅತಿಥಿಗಳ ಬರವು ನಿಷ್ಫಲವೆಂದು ನಾನು ಹೇಳುವುದಿಲ್ಲ. ಈಗಿನ ಒಕ್ಕೂಟವು 1996ರಲ್ಲಿ ಹತ್ತು ತಂಡಗಳೊಡನೆ ಆರಂಭವಾಯಿತು. ಇಂಗ್ಲೆಂಡಿನ ಬೆಕ್‌ಹ್ಯಾಮ್ 2007ರಲ್ಲಿ ಲಾಸ್ ಏಂಜಲಿಸ್ ತಂಡಕ್ಕೆ ಬಂದಾಗ ತಂಡಗಳು ಹದಿಮೂರು, 2025ರಲ್ಲಿ ಮೂವತ್ತು. ಆದರೆ ಅವನು ಬರುವ ಮೊದಲೇ, 1999ರಲ್ಲಿ, ಕೊಲಂಬಸ್ ನಗರದಲ್ಲಿ ಈ ಆಟಕ್ಕೆಂದೇ ಕ್ರೀಡಾಂಗಣವನ್ನು ಕಟ್ಟಿದ್ದರೆಂಬುದನ್ನು ಮರೆಯಬಾರದು. ಮಣ್ಣು ಹದವಾಗುತ್ತಿದ್ದಾಗ ಬಂದದ್ದರಿಂದ ಬೆಕ್‌ಹ್ಯಾಮನಿಂದ ಫಲವಾಯಿತು. ಅವನು ಮುಂದೆ ಮಯಾಮಿ ತಂಡಕ್ಕೆ ಪಾಲುದಾರನಾದನು. ಮೆಸ್ಸಿಯು ಬಂದದ್ದು ಅಲ್ಲಿಗೇ. ಆದರೂ ಹಳೆಯ ರೋಗವು ಬಿಟ್ಟಿಲ್ಲ. 2024ರ ಮೇ ತಿಂಗಳಲ್ಲಿ ಇದೇ ಒಕ್ಕೂಟಕ್ಕೆ ಸೇರಿದ, ಕೆನಡ ದೇಶದ ವ್ಯಾಂಕೂವರ್ ನಗರಕ್ಕೆ ಮಯಾಮಿ ತಂಡವು ಹೋದಾಗ ಮೆಸ್ಸಿಯು ಪ್ರಯಾಣ ಮಾಡಲಿಲ್ಲ. ಟಿಕೆಟ್ಟು ಕೊಂಡವರು ಸಿಟ್ಟಾದರು. ಅಂದು ತಿಂಡಿತೀರ್ಥಗಳ ಬೆಲೆಯನ್ನು ಇಳಿಸಿ ಅವರನ್ನು ಸಮಾಧಾನಪಡಿಸಬೇಕಾಯಿತು. ಆಟವೇನೋ ನಡೆಯಿತು; ಆದರೆ ಅವರು ಕಾಸು ಕೊಟ್ಟದ್ದು ಆಟಕ್ಕಲ್ಲವಷ್ಟೆ.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಹಿಂದೊಮ್ಮೆ ನಾನಿದ್ದ ಊರಿಗೆ ದೊಡ್ಡ ವಿದ್ವಾಂಸರೊಬ್ಬರು ಬಂದು ಒಂದು ವಾರ ಉಪನ್ಯಾಸ ಮಾಡಿದರು. ಸಭೆಯಲ್ಲಿ ಕೊಟ್ಟ ಸಮಸ್ಯೆಯನ್ನು ನಿಂತ ನಿಲುವಿನಲ್ಲಿ ಪೂರಣ ಮಾಡಿ ಶ್ಲೋಕ ಹೇಳುತ್ತಿದ್ದರು. ಮಾರನೆಯ ವಾರ ನನ್ನ ಸಂಸ್ಕೃತ ತರಗತಿಗೆ ಇಪ್ಪತ್ತು ಹೊಸ ಮಕ್ಕಳು ಸೇರಿದರು. ದಸರೆಯ ವೇಳೆಗೆ ಉಳಿದವರು ನಾಲ್ಕು ಮಂದಿ. ಈಗಿನ ಮಕ್ಕಳಿಗೆ ಶ್ರದ್ಧೆಯಿಲ್ಲವೆಂದು ನಾನು ಬಹುಕಾಲ ಬೈಯುತ್ತಿದ್ದೆನು. ಅವರು ಆಶುಕವಿತೆಯ ಸೊಗಸನ್ನು ಕಂಡು ಬಂದಿದ್ದರು; ನಾನು ಅವರನ್ನು ಸಾಲಾಗಿ ಕೂರಿಸಿ ವಿಭಕ್ತಿಗಳನ್ನು ಒಪ್ಪಿಸಿಕೊಂಡೆನು. ತಪ್ಪಾಗಿಯಾದರೂ ಆಗಲಿ, ಅರ್ಧ ಶ್ಲೋಕವನ್ನು ನೀವೇ ಕಟ್ಟಿರೆಂದು ಒಂದು ದಿನವೂ ಹೇಳಲಿಲ್ಲ.

ಅಮೆರಿಕಾದಲ್ಲಿಯೂ ಆಡಲು ಬಂದ ಮಗುವನ್ನು ಬಾಗಿಲಲ್ಲಿ ತಡೆಯುವುದೊಂದಿದೆ, ಅದು ಶುಲ್ಕ. ಒಳ್ಳೆಯ ಶಿಕ್ಷಣ ಕೊಡುವ ಕ್ಲಬ್ಬುಗಳು ವರ್ಷಕ್ಕೆ ಸಾವಿರಾರು ಡಾಲರು ಕೇಳುವುದುಂಟು. ಪೆಲೆಯು ಬಾಲ್ಯದಲ್ಲಿ ಕಾಲುಚೀಲಕ್ಕೆ ಕಾಗದ ತುರುಕಿ ಚೆಂಡು ಮಾಡಿಕೊಂಡು ಬೀದಿಯಲ್ಲಿ ಆಡಿದವನು. ಅಂಥ ಬಡಹುಡುಗನು ಇಂದು ಅಲ್ಲಿದ್ದರೆ ಆ ಕ್ಲಬ್ಬುಗಳ ಒಳಗೆ ಬಂದಾನೆಯೆ? ನನ್ನ ಮಗನು ತೆರುತ್ತಾನೆ, ಅವನಿಗೆ ಶಕ್ತಿಯಿದೆ. ಪಕ್ಕದ ಬೀದಿಯ ಗ್ವಾಟೆಮಾಲದವರ ಹುಡುಗನೊಬ್ಬನು ಮೊಮ್ಮಗನಿಗಿಂತ ಚೆನ್ನಾಗಿ ಆಡುತ್ತಾನಂತೆ. ಅವನು ಕ್ಲಬ್ಬಿಗೆ ಬರುವುದಿಲ್ಲ. ಇದನ್ನು ಕೇಳಿ ನಾನು ಮಗನೊಡನೆ ಮಾತಾಡಿದೆನು. ಶುಲ್ಕದ ಗೊಡವೆಯಿಲ್ಲದೆ ಕೇರಿಯ ಮಕ್ಕಳೆಲ್ಲ ಆಡಲೆಂದು ಅವನೂ ಇನ್ನಿಬ್ಬರು ತಂದೆಗಳೂ ಭಾನುವಾರ ಸಂಜೆ ಶಾಲೆಯ ಬಯಲಿಗೆ ಹೋಗತೊಡಗಿದ್ದಾರೆ.

ಈಗ ದೂರವಾಣಿಯಲ್ಲಿ ಮಾತಾಡುವಾಗ ಮೊಮ್ಮಗನು ಮೆಸ್ಸಿಯ ಗೋಲುಗಳನ್ನು ವರ್ಣಿಸುತ್ತಾನೆ. ನಾನು ಕೇಳಿಸಿಕೊಂಡು, ಭಾನುವಾರ ಎಷ್ಟು ಮಂದಿ ಬಂದಿದ್ದರೆಂದು ವಿಚಾರಿಸುತ್ತೇನೆ. ಹೋದ ವಾರ ಹದಿಮೂರು ಮಂದಿ ಬಂದಿದ್ದರಂತೆ.