ಬಾಲಕರ ಮದ್ಯತ್ಯಾಗ ಮತ್ತು ಹಿರಿಯರ ವ್ರತ

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವು ಮೊದಲಿಗೇ ಎಣಿಕೆಗೆ ಬರುವುದು. ಸಪ್ತವ್ಯಸನಗಳಲ್ಲಿ ಸುರಾಪಾನವೂ ಒಂದು. ಈ ಮಾತಿನಲ್ಲಿ ನಮ್ಮ ಮನೆತನಗಳಿಗೆ ಸಂದೇಹವಿಲ್ಲ. ಸಂದೇಹವು ಹುಟ್ಟುವುದು ಬೇರೊಂದೆಡೆಯಲ್ಲಿ. ಸಂಕಲ್ಪಪೂರ್ವಕವಾಗಿ ವಿರತನಾಗುವುದೇ ವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಕೈಗೆ ಸಿಕ್ಕದುದನ್ನು ಉಪಯೋಗಿಸದಿರುವ ಮಾತ್ರಕ್ಕೆ ಯಾರೂ ವ್ರತಿಯಾಗಲಾರರು. ಹಾಗಿರುವಲ್ಲಿ, ಹದಿನಾಲ್ಕು ಹದಿನೈದು ವರ್ಷದ ಬಾಲಕನನ್ನು ಹಿರಿಯರು ಕಾದು, ತಡೆದು, ಮದ್ಯದಿಂದಲೂ ಮಾದಕ ವಸ್ತುಗಳಿಂದಲೂ ದೂರವಿರಿಸಿದರೆ, ಆ ದೂರವಿರುವಿಕೆಗೆ ಧರ್ಮದೃಷ್ಟಿಯಿಂದ ಬೆಲೆಯೇನು? ಅದು ಶೀಲವೋ, ಬರಿಯ ಕಾವಲೋ? ಬರಿಯ ಕಾವಲಾದರೆ, ಮಗನು ವಿದ್ಯಾರ್ಥಿನಿಲಯಕ್ಕೆ ಹೊರಟ ದಿನವೇ ಅದು ಮುಗಿದುಹೋಗುವುದಲ್ಲವೇ?

ಹರಿವಂಶಪುರಾಣದಲ್ಲಿ ಬರುವ ದ್ವಾರಕೆಯ ದಹನವೃತ್ತಾಂತವು ನಮ್ಮೆಲ್ಲರಿಗೂ ಪರಿಚಿತವಾದುದು. ಮದ್ಯದಿಂದ ನಗರಕ್ಕೆ ವಿನಾಶವೊದಗುವುದೆಂದು ನೇಮಿನಾಥ ಸ್ವಾಮಿಯಿಂದ ತಿಳಿದಾಗ, ಅದನ್ನೆಲ್ಲ ಊರ ಹೊರಗೆ ಚೆಲ್ಲಿಸಲಾಯಿತು. ರಾಜಾಜ್ಞೆಯು ನೆರವೇರಿತು, ನಗರವು ನಿಶ್ಚಿಂತವಾಯಿತು. ಆದರೆ ಚೆಲ್ಲಿದ ಮದ್ಯವು ಬಂಡೆಗಳ ಹೊಂಡಗಳಲ್ಲಿ ನಿಂತೇ ಇತ್ತು. ವರ್ಷಗಳು ಕಳೆದ ಮೇಲೆ ಅಲ್ಲಿ ವಿಹರಿಸುತ್ತಿದ್ದ ಯಾದವಕುಮಾರರು ಬಾಯಾರಿ ಅದನ್ನೇ ಕುಡಿದರು. ಮತ್ತರಾಗಿ ದ್ವೀಪಾಯನ ಮುನಿಯನ್ನು ಕಲ್ಲೆಸೆದು ಪೀಡಿಸಿದರು. ಆ ಕೋಪಾಗ್ನಿಗೆ ದ್ವಾರಕೆಯು ಆಹುತಿಯಾಯಿತು. ಮದ್ಯವು ಪಟ್ಟಣದ ಗಡಿಯನ್ನು ದಾಟಿದರೆ ಸಾಕೆಂದು ಹಿರಿಯರು ತಿಳಿದರು. ಮಕ್ಕಳ ವಿಹಾರವು ಆ ಗಡಿಯಾಚೆಗೂ ಸಲ್ಲುವುದೆಂಬುದನ್ನು ಯಾರೂ ಎಣಿಸಲಿಲ್ಲ.

ಇದು ಪುರಾಣಕಾಲದ ಮಾತು. ನಮ್ಮ ಕಾಲಕ್ಕೆ ಸೇರಿದ ಇನ್ನೊಂದು ಉದಾಹರಣೆಯು ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲೆಂಡ್ ದ್ವೀಪದಲ್ಲಿದೆ. ಅಲ್ಲಿ ೧೯೦೮ರಲ್ಲಿ ಜನಮತ ಪಡೆದು, ೧೯೧೫ರಿಂದ ಪಾನನಿಷೇಧವನ್ನು ಜಾರಿಗೊಳಿಸಿದ್ದರು. ನಿಷೇಧವು ಕ್ರಮೇಣ ಸಡಿಲವಾಯಿತಾದರೂ ಬಿಯರ್ ಮಾತ್ರ ೧೯೮೯ರ ಮಾರ್ಚ್ ೧ರವರೆಗೆ ನಿಷಿದ್ಧವಾಗಿಯೇ ಉಳಿದಿತ್ತು. ಇಷ್ಟು ದೀರ್ಘವಾದ ನಿಷೇಧದ ಚರಿತ್ರೆಯುಳ್ಳ ದೇಶದಲ್ಲಿಯೇ, ೧೯೯೮ರ ಸಮೀಕ್ಷೆಯಲ್ಲಿ ಹದಿನೈದು ಹದಿನಾರು ವರ್ಷದ ಮಕ್ಕಳಲ್ಲಿ ನೂರಕ್ಕೆ ೪೨ ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದರೆಂದು ತಿಳಿದುಬಂದಿತು. ದಿನವೂ ಧೂಮಪಾನ ಮಾಡುವವರು ನೂರಕ್ಕೆ ೨೩. ಗಾಂಜಾದ ರುಚಿ ಕಂಡವರು ನೂರಕ್ಕೆ ೧೭.

ಆ ನಾಡಿನ ಹಿರಿಯರು ಮಕ್ಕಳಿಗೆ ಉಪದೇಶಿಸುವುದರಲ್ಲಿಯೇ ತೃಪ್ತರಾಗಲಿಲ್ಲ. ಯಾವ ಮಕ್ಕಳು ಕುಡಿಯುವುದಿಲ್ಲ, ಅವರ ಜೀವನದಲ್ಲಿ ಏನಿದೆ ಎಂಬುದನ್ನು ಶಾಲೆಶಾಲೆಯಲ್ಲಿ ಹೆಸರು ಕೇಳದೆ ವಿಚಾರಿಸಿದರು. ತಂದೆತಾಯಿಯರೊಡನೆ ವಾರದಲ್ಲಿ ಹೆಚ್ಚು ಕಾಲ ಕಳೆಯುವವರು, ವಾರಕ್ಕೆ ಮೂರು ನಾಲ್ಕು ಬಾರಿ ಕ್ರಮಬದ್ಧವಾದ ಆಟ, ಸಂಗೀತ ಮೊದಲಾದವುಗಳಲ್ಲಿ ತೊಡಗಿದವರು, ರಾತ್ರಿ ಹೊತ್ತು ಮೀರಿ ಹೊರಗೆ ಅಲೆಯದವರು, ಇವರಲ್ಲಿ ವ್ಯಸನವು ಕಡಿಮೆಯೆಂದು ಕಂಡಿತು. ಬಳಿಕ ಮಾಡಿದ ಏರ್ಪಾಡುಗಳಲ್ಲಿ ಬಹುಪಾಲು ಹಿರಿಯರನ್ನೇ ಬಂಧಿಸುವಂತಹವು. ತಮ್ಮ ಮಕ್ಕಳಿಗೆ ಮದ್ಯವನ್ನು ತಂದುಕೊಡುವುದಿಲ್ಲ, ಹಿರಿಯರಿಲ್ಲದ ಔತಣಕೂಟಗಳಿಗೆ ಮನೆಯಲ್ಲಿ ಎಡೆಗೊಡುವುದಿಲ್ಲ, ನೆರೆಯವರ ಮಕ್ಕಳ ಮೇಲೆಯೂ ಕಣ್ಣಿಡುತ್ತೇವೆ ಎಂದು ಪೋಷಕರು ಶಾಲೆಗಳಲ್ಲಿ ಒಪ್ಪಂದಕ್ಕೆ ಸಹಿಮಾಡಿದರು. ವಾರದ ಕೊನೆಯ ರಾತ್ರಿಗಳಲ್ಲಿ ಸರದಿಯಂತೆ ಬೀದಿಗಳಲ್ಲಿ ನಡೆದು ಬಂದರು. ಚಳಿಗಾಲದಲ್ಲಿ ೧೨ ವರ್ಷದವರೆಗಿನವರು ರಾತ್ರಿ ೮ರ ಬಳಿಕ, ೧೩ರಿಂದ ೧೬ರವರೆಗಿನವರು ೧೦ರ ಬಳಿಕ, ಹಿರಿಯರ ಜೊತೆಯಿಲ್ಲದೆ ಹೊರಗಿರಬಾರದೆಂದು ಕಾಯಿದೆಯಾಯಿತು. ಮದ್ಯವನ್ನು ಕೊಳ್ಳಲು ಅಲ್ಲಿ ೨೦ ವರ್ಷ ತುಂಬಿರಬೇಕು. ಅದರ ಜಾಹೀರಾತಿಗೆ ನಿಷೇಧವುಂಟು. ಆಟಪಾಠಗಳ ಶುಲ್ಕಕ್ಕೆ ರಾಜಧಾನಿಯಾದ ರೇಕ್ಯಾವಿಕ್ ನಗರವು ಪ್ರತಿ ಮಗುವಿಗೂ ಸಹಾಯಧನ ಕೊಡತೊಡಗಿತು.

೨೦೧೬ರ ವೇಳೆಗೆ ಮೇಲೆ ಹೇಳಿದ ನೂರಕ್ಕೆ ೪೨ ಎಂಬುದು ೫ಕ್ಕೂ, ೨೩ ಎಂಬುದು ೩ಕ್ಕೂ, ೧೭ ಎಂಬುದು ೭ಕ್ಕೂ ಇಳಿದವು. ಅದೇ ಅವಧಿಯಲ್ಲಿ ಯುರೋಪಿನ ಬೇರೆ ಕೆಲವು ದೇಶಗಳಲ್ಲಿಯೂ ಬಾಲಕರ ಪಾನವು ಕಡಿಮೆಯಾದುದರಿಂದ, ಎಲ್ಲವೂ ಈ ಏರ್ಪಾಡಿನ ಫಲವೇ ಎನ್ನುವುದು ಅತಿಶಯೋಕ್ತಿಯಾದೀತು. ಆದರೂ ಇಷ್ಟು ದೊಡ್ಡ ಇಳಿತವು ವಿಚಾರಯೋಗ್ಯವಾದುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಮಕ್ಕಳೆಲ್ಲರೂ ವ್ರತಿಗಳಾದರೇ? ಆಗಲಿಲ್ಲ. ಆದರೆ ಅಲ್ಲಿ ಪ್ರತಿಜ್ಞೆಗೈದವರು ಯಾರು ಎಂಬುದನ್ನು ಗಮನಿಸಬೇಕು. ಪ್ರತಿಜ್ಞೆಗೈದವರು ಹಿರಿಯರು. ಕೃತ, ಕಾರಿತ, ಅನುಮೋದನೆ ಎಂದು ಪಾಪಾಸ್ರವಕ್ಕೆ ಮೂರು ದ್ವಾರಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಬಾಲಕನು ಕುಡಿದರೆ ಕೃತದೋಷವು ಅವನದು. ಅವನಿಗೆ ಎಡೆಗೊಟ್ಟವನದು ಕಾರಿತದೋಷ. ಕಂಡೂ ನಕ್ಕು ಸುಮ್ಮನಾದವನದು ಅನುಮೋದನೆಯ ದೋಷ. ಮಗನ ಕೃತವನ್ನು ತಂದೆಯು ತಾನು ತ್ಯಜಿಸಲಾರನು. ಅದು ಮಗನ ಸಂಕಲ್ಪಕ್ಕೆ ಸೇರಿದುದು. ತನ್ನ ಕಾರಿತ ಅನುಮೋದನೆಗಳನ್ನು ತ್ಯಜಿಸುವುದಾದರೋ ತಂದೆಗೆ ಪೂರ್ಣವಾಗಿ ಸಾಧ್ಯ. ಆದುದರಿಂದ ಸಮಾಜವು ಕಟ್ಟುವ ಬೇಲಿಯು ಬಾಲಕನ ಪಾಲಿಗೆ ವ್ರತವಲ್ಲದಿದ್ದರೂ, ಕಟ್ಟಿದವರ ಪಾಲಿಗೆ ನಿಜವಾದ ವ್ರತವೇ ಆಗಿದೆ. ಹಿರಿಯರು ತಮ್ಮನ್ನು ಕಟ್ಟಿಕೊಳ್ಳದೆ ಮಕ್ಕಳನ್ನು ಮಾತ್ರ ಕಟ್ಟಿದಲ್ಲಿ ಅದು ಬಲಾತ್ಕಾರವಾಗುವುದು. ಮಕ್ಕಳು ಅದನ್ನು ಬಹುಬೇಗ ಗುರುತಿಸುವರು.

ಬಾಲಕನಿಗೆ ಈ ಬೇಲಿಯಿಂದ ದೊರೆಯುವುದು ಕಾಲಾವಕಾಶ. ಬುದ್ಧಿಯನ್ನೇ ಕೆಡಿಸುವ ವಸ್ತುವನ್ನು ಬುದ್ಧಿ ಬಲಿಯುವ ಮೊದಲೇ ಸೇವಿಸಿದವನು ಮುಂದೆ ಸಂಕಲ್ಪವನ್ನು ಮಾಡುವುದಾದರೂ ಯಾವುದರಿಂದ? ಅಣುವ್ರತಗಳ ರಕ್ಷಣೆಗಾಗಿ ದಿಗ್ವ್ರತ, ದೇಶಾವಕಾಶಿಕಗಳು ವಿಹಿತವಾಗಿವೆ. ಇಷ್ಟು ದೂರ, ಇಷ್ಟು ಹೊತ್ತು ಎಂಬ ಮಿತಿಯು ವಯಸ್ಕ ಶ್ರಾವಕನಿಗೇ ಬೇಕಾಗಿರುವಾಗ, ಬಾಲಕನಿಗೆ ಅದು ಅವಮಾನವೆಂದು ಭಾವಿಸಲು ಕಾರಣವಿಲ್ಲ. ರಾತ್ರಿಭೋಜನತ್ಯಾಗವನ್ನು ಪಾಲಿಸುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ರೂಢಿಯಿತ್ತು. ಐಸ್‌ಲೆಂಡಿನವರು ಕಾಯಿದೆಯಿಂದ ಮಾಡಿಕೊಂಡುದರಲ್ಲಿ ಒಂದಂಶವು ನಮಗೆ ವ್ರತದಿಂದಲೇ ಲಭಿಸಿತ್ತು. ತಂದೆಯು ಅಂಗಡಿಯಿಂದ ರಾತ್ರಿ ಹತ್ತಕ್ಕೆ ಬರುವಂತಾದ ಮೇಲೆ ಆ ಲಾಭವು ಎಷ್ಟು ಮನೆಗಳಲ್ಲಿ ಉಳಿದಿದೆ?

ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯವನ್ನಾಗಲಿ ಮಾದಕ ವಸ್ತುವನ್ನಾಗಲಿ ಕೊಟ್ಟವರಿಗೆ ನಮ್ಮ ದೇಶದ ೨೦೧೫ರ ಬಾಲನ್ಯಾಯ ಕಾಯಿದೆಯು ಏಳು ವರ್ಷಗಳವರೆಗೆ ಕಠಿಣ ಸಜೆಯನ್ನು ವಿಧಿಸಿದೆ. ಕಾಯಿದೆಯ ಕೈಗೆ ಸಿಕ್ಕುವುದು ಕಾರಿತದ ಸ್ಥೂಲರೂಪ ಮಾತ್ರ. ಮದುವೆಯ ಮನೆಯ ಹಿಂಭಾಗದಲ್ಲಿ ನಡೆಯುವ ಪಾನಕೂಟವನ್ನು ಕಂಡೂ ಕಾಣದಂತಿರುವುದು, ವ್ಯಾಪಾರದ ಮಿತ್ರರಿಗೆಂದು ಬೀರುವಿನಲ್ಲಿ ಸೀಸೆಯಿರಿಸುವುದು, ಸಿಗರೇಟು ತರಲು ಹುಡುಗನನ್ನೇ ಅಂಗಡಿಗೆ ಅಟ್ಟುವುದು, ಯೌವನದಲ್ಲಿ ಇದೆಲ್ಲ ಸಹಜವೆಂದು ನಗುವುದು, ಇವು ನಮ್ಮ ಊರ ಹೊರಗಿನ ಬಂಡೆಯ ಹೊಂಡಗಳು. ಬರುವ ದಶಲಕ್ಷಣ ಪರ್ವದಲ್ಲಿ ಮಕ್ಕಳಿಗೆ ನಿಯಮ ಕೊಡಿಸುವ ಮೊದಲು ಪ್ರತಿ ಊರಿನ ಶ್ರಾವಕ ಶ್ರಾವಿಕೆಯರು ಬಸದಿಯಲ್ಲಿ ಒಟ್ಟಾಗಿ ಕುಳಿತು, ಕಾರಿತ ಅನುಮೋದನೆಗಳ ತ್ಯಾಗವನ್ನು ತಾವು ಸ್ವೀಕರಿಸಲಿ. ಒಂದು ಮನೆಯು ಇನ್ನೊಂದರ ಮಕ್ಕಳನ್ನೂ ತನ್ನವೆಂದು ನೋಡಿಕೊಳ್ಳಲೊಪ್ಪಲಿ. ಬಲಿತ ಬುದ್ಧಿಯಿಂದ ಮಗನು ಒಂದು ದಿನ ತಾನಾಗಿ ಮದ್ಯತ್ಯಾಗದ ಸಂಕಲ್ಪವನ್ನು ಮಾಡುವಾಗ, ಅದಕ್ಕೆ ಬೇಕಾದ ಸ್ವಸ್ಥವಾದ ಮನಸ್ಸು ಅವನಲ್ಲಿ ಉಳಿದಿರುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕರ್ತವ್ಯ.